ಬುಡದಲ್ಲಿ ಉಳಿದದ್ದು

ಆಲ್ಟಾ ಕ್ಲೆವೆಂಜರ್ ಅಂಗಡಿಗೆ ಹೊತ್ತು ತಂದದ್ದು ಕೋವಿಯಲ್ಲ,
ಬೀನ್ಸ್ ಬಳ್ಳಿಗೆ ನೆಟ್ಟ ಗೂಟ.
ಎಂಟು ಮೂಲೆ, ನಲವತ್ತೆರಡು ಇಂಚು.
ಒಣಗಿದ ಕುಡಿಯೊಂದು ಹಿಡಿದ ಹಿಡಿ ಬಿಟ್ಟಿರಲಿಲ್ಲ.
ಮೂತಿಗೆ ಯಾರೋ ಜೋಳದ ದಿಂಡು ತುರುಕಿದ್ದರು,
ಕಡಜ ಗೂಡು ಕಟ್ಟದಿರಲಿ ಅಂತ.

"ಮುತ್ತಜ್ಜ ಯೂರಾಯಾನದು" ಎಂದಳು.
"ಯುದ್ಧದ ಮೂರನೇ ಚಳಿಗಾಲ,
ಕುದುರೆ ಬಿಚ್ಚಲು ಬಂದವನನ್ನು
ಕ್ಲಿಂಚ್ ಹೊಳೆಯ ಈ ದಡದಲ್ಲಿ ನಿಂತು
ಒಂದೇ ಗುಂಡಿಗೆ ಆ ದಡದಲ್ಲಿ ಮಲಗಿಸಿದ.
ಆಮೇಲೆ ಸಾಯುವತನಕ
ಇದರ ಬಾಯಿಗೆ ಮದ್ದು ಹಾಕಲಿಲ್ಲ.
ತಮ್ಮ ರಾಯ್ಸ್‌ಗೆ ಇದು ಬೇಕಂತೆ,
ಗೋಡೆಗೆ, ಕತೆಯ ಸಮೇತ."

ತುಕ್ಕು ಮುಟ್ಟುವ ಮೊದಲು ಒಂದು ಕೆಲಸವಿದೆ.
ಗಜಕಡ್ಡಿ ಒಳಗಿಳಿಸು, ಮೂತಿಯ ಮಟ್ಟಕ್ಕೆ ಉಗುರೊತ್ತಿ ಹಿಡಿ,
ಹೊರಗೆಳೆದು ನಳಿಗೆಯ ಪಕ್ಕ ಮಲಗಿಸಿ ನೋಡು.
ಒಳಗೂ ಹೊರಗೂ ಒಂದೇ ಅಳತೆ ಬರಬೇಕು.
ನನಗೆ ಕೆಲಸ ಕಲಿಸಿದ ಡಾಯ್ಲ್ ಪ್ರಾಫಿಟ್‌ಗೆ
ಎಡಗೈಯಲ್ಲಿ ಎರಡೇ ಬೆರಳು.
ಅವನು ಬಾಯಿಬಿಟ್ಟು ಹೇಳದ ಪಾಠ ಇದು.

ಬುಡದ ಬಿರಡೆಯ ಲೆಕ್ಕ ಕಳೆದರೂ
ಮೂರು ಬೆರಳು ಕಡಿಮೆ ಬಂತು.

"ಆಲ್ಟಾ, ಸ್ವಲ್ಪ ಈ ಕಡೆ ನಿಲ್ಲು.
ಇದು ತುಂಬಿದೆ."

ಬೆಂಕಿ ತೋರಿಸುವಂತಿಲ್ಲ, ಸುತ್ತಿಗೆ ಎತ್ತುವಂತಿಲ್ಲ.
ಕಿಡಿತೂತಿನಿಂದ ಎಂಟು ದಿನ ಎಣ್ಣೆ ಕುಡಿಸಿದೆ.
ಒಂಬತ್ತನೆಯ ದಿನ ಅವಳೂ ಬಂದಳು, ಕೋಟು ಬಿಚ್ಚದೆ ಕೂತಳು.
ಕಡ್ಡಿಯ ತುದಿಯ ತಿರುಪುಮೊಳೆ
ಕಾಣದ ಕತ್ತಲಲ್ಲಿ ಸೀಸವನ್ನು ಕಚ್ಚಿತು.
ಎಳೆದೆ. ಬರಲಿಲ್ಲ. ಕಾಲು ಕೊಟ್ಟು ಎಳೆದೆ.
ಬಂತು: ಬೂಷ್ಟು ಹಿಡಿದ ಗೋಲಿಯಷ್ಟು ಗುಂಡು,
ಅದಕ್ಕಂಟಿದ ಬಟ್ಟೆ, ಉಗುರಿನಷ್ಟಗಲ,
ಜಿಡ್ಡು ಒರೆಸಿದರೆ ನೀಲಿ ಚೌಕುಳಿ.
ಹಿಂದೆಯೇ ಮದ್ದು, ಕಲಸಿದ ಕಾಡಿಗೆಯಂತೆ.

ಅವಳು ಗುಂಡನ್ನೇ ನೋಡುತ್ತಿದ್ದಳು.
"ಹೊಡೆದ ಮೇಲೆ ಮತ್ತೆ ತುಂಬಿರಬಹುದು" ಎಂದೆ.
"ತುಂಬಲಿಲ್ಲ ಅನ್ನೋದೇ ಅಲ್ವಾ ಕತೆ."
ತುಂಬ ಹೊತ್ತಿನ ಮೇಲೆ, ಕಿಟಕಿಯ ಕಡೆ ಮುಖ ಮಾಡಿ:
"ಕುದುರೆ ಮಾತ್ರ ಹೋಗಿತ್ತು. ಅದು ನಿಜ.
ಆ ವರ್ಷ ಹಸು ಕಟ್ಟಿ ಉತ್ತರಂತೆ."

ಉಳಿದದ್ದು ಬರೀ ಕೈಕೆಲಸ.
ನಳಿಗೆಯೊಳಗೇ ಸೀಸದ ಎರಕ ಹೊಯ್ದು,
ಕುರುಂದದ ಪುಡಿ ಮೆತ್ತಿ, ಹಿಂದೆ ಮುಂದೆ, ಹಿಂದೆ ಮುಂದೆ.
ನಾನು ನೂಕುವುದು ನೇರಕ್ಕೆ,
ಒಳಗಿನ ಸುರುಳಿಗೆರೆ ತಾನಾಗಿ ಕಡ್ಡಿ ತಿರುಗಿಸುತ್ತದೆ,
ನಲವತ್ತೆಂಟು ಇಂಚಿಗೆ ಒಂದು ಸುತ್ತು.
ಸುತ್ತು ಪೂರ್ತಿಯಾಗುವ ಮೊದಲೇ ನಳಿಗೆ ಮುಗಿಯುತ್ತದೆ.

ಹೊರಮೈಯ ಗುಳಿಗಳು ಬೇರೆ ಮಾತು.
ಕೆಲವು ಅರಕ್ಕೆ ಸಿಕ್ಕವು.
ಕೆಲವು, ಕಿಡಿತೂತಿನ ಸುತ್ತ, ಸಿಡುಬಿನ ಕಲೆಗಿಂತ ಆಳ.
ಅವನ್ನು ಸಮ ಮಾಡಹೊರಟರೆ ಕಬ್ಬಿಣವೇ ತೀರುತ್ತದೆ.
ಕೈ ತಡೆದೆ. ಇರಲಿ.

ಕೊನೆಗೆ ಒಂದು ಹುಚ್ಚು ಕೆಲಸ:
ಮೂರು ವಾರ ತುಕ್ಕು ತೆಗೆದವನು
ಒಂದು ವಾರ ಕೂತು ತುಕ್ಕು ಹಿಡಿಸಬೇಕು.
ದ್ರಾವಣ ಸವರಿ, ಪೆಟ್ಟಿಗೆಯಲ್ಲಿ ಒದ್ದೆ ಬಟ್ಟೆಯೊಡನೆ ಮುಚ್ಚಿ,
ಬೆಳಗ್ಗೆ ಕುದಿನೀರು ಹೊಯ್ದು, ಉಜ್ಜಿ, ಮತ್ತೆ ಸವರಿ.
ಆರನೆಯ ಪದರಕ್ಕೆ ಮಾಗಿದ ಕಂದು ಬಂತು.
ಮುಳ್ಳಿಗೆ ಮುಳ್ಳು ಅಂತಾರಲ್ಲ,
ಸಾಕಿದ ತುಕ್ಕು ಬೀದಿಯ ತುಕ್ಕನ್ನು ಒಳಗೆ ಬಿಡುವುದಿಲ್ಲ.

ರಸೀದಿಯಲ್ಲಿ ಬರೆದೆ: ನಳಿಗೆ ಶುಚಿ, ಬಣ್ಣ.
ಬೇರೇನೂ ಬರೆಯಲಿಲ್ಲ.
ಅವಳು ದುಡ್ಡೆಣಿಸಿ ಕೊಟ್ಟು
ಗುಂಡನ್ನು ಚಿಲ್ಲರೆಯ ಚೀಲಕ್ಕೆ ಹಾಕಿಕೊಂಡಳು.
"ರಾಯ್ಸ್ ಕೇಳಿದರೆ—" ಎಂದವಳು ಅಲ್ಲಿಗೇ ನಿಲ್ಲಿಸಿ,
ಮೂಲೆಯಲ್ಲಿ ಒರಗಿಸಿದ್ದ ಹಳೇ ನೀರಿನ ಪೈಪು ತೋರಿಸಿ ಕೇಳಿದಳು:
"ಅದು ಎಷ್ಟಕ್ಕೆ ಕೊಡ್ತೀಯ?
ಬೀನ್ಸ್ ಆಗಲೇ ನೆಲದ ಮೇಲೆ ಹಬ್ಬುತ್ತಿದೆ."